ಶುಕ್ರವಾರದ ಕೊನೆಯ ಮೂರು ಪೀರಿಯಡ್ಡು

ನನ್ನನ್ನು ಕರೆದದ್ದು ಲೆಕ್ಕ ಹೇಳಿಕೊಡಲು.
ಚಿತ್ರದ ಮೇಷ್ಟ್ರು ಗೋಬಿಯ ಗಣಿಗೆ ಲಾರಿ ಓಡಿಸಲು ಹೋದರು,
ಸಂಗೀತದವಳು ಹೆರಿಗೆಗೆ,
ಆರೋಗ್ಯದ ಪಾಠಕ್ಕೆ ಮೊದಲಿಂದಲೂ ಯಾರೂ ಇರಲಿಲ್ಲ.
ಮೂರನ್ನೂ ಸೇರಿಸಿ ನನ್ನ ಕೊರಳಿಗೆ ಕಟ್ಟಿದರು:
ಶುಕ್ರವಾರ, ಊಟವಾದ ಮೇಲೆ,
ಮೂರನೆಯ ತರಗತಿ, ಮೂವತ್ತೊಂಬತ್ತು ಮಕ್ಕಳು.

ಉಲಾನ್‌ಬಾತರಿನ ಉತ್ತರದ ಗುಡ್ಡದ ಮೇಲೆ ನಮ್ಮ ಶಾಲೆ.
ಕೆಳಗೆ ಗೆರ್‌ಗಳು, ಕಂಬಳಿ ಹೊದ್ದು ಕೂತ ಗುಂಡು ಮನೆಗಳು,
ಒಂದೊಂದರ ನೆತ್ತಿಗೂ ಒಂದು ಹೊಗೆಕೊಳವೆ.
ಜನವರಿಯಲ್ಲಿ ಎಲ್ಲ ಕೊಳವೆಯೂ ಒಟ್ಟಿಗೆ ಉಸಿರು ಬಿಡುತ್ತವೆ.
ಎದುರಿನ ಅಂಗಡಿ ಅಲ್ಲೇ ಇದ್ದೀತು ಎಂಬ ನಂಬಿಕೆಯ ಮೇಲೆ
ರಸ್ತೆ ದಾಟುತ್ತೇವೆ.

ಮೊದಲ ವಾರ ಬಣ್ಣದ ಡಬ್ಬಿ ತೆರೆದೆ.
ಕಪ್ಪು ತಳ ಕಂಡಿತ್ತು. ಕಂದು ಅರ್ಧ.
ನೀಲಿ ಮಾತ್ರ ಅಂಗಡಿಯಿಂದ ಬಂದ ಹಾಗೇ,
ಮೇಲಿನ ಅಚ್ಚೂ ಅಳಿಯದೆ.
ಆಕಾಶ ಬರೆಯಿರಿ ಅಂದೆ.
ಮೂವತ್ತೊಂಬತ್ತು ಕುಂಚ ಕಪ್ಪಿಗೇ ಇಳಿದವು.
ಕಂಡದ್ದು ಕಂಡ ಹಾಗೆ ಬರೆದರೆ
ಕೆಂಡದಂಥ ಕೋಪ ಬರಬೇಕಿತ್ತು ನನಗೆ.
ಕಿಟಕಿ ನೋಡಿದೆ. ಎಲ್ಲರಿಗೂ ಹತ್ತಕ್ಕೆ ಹತ್ತು ಹಾಕಿದೆ.

ಆರೋಗ್ಯದ ಪುಸ್ತಕ, ಪುಟ ಹದಿನಾಲ್ಕು:
ಬೆಳಿಗ್ಗೆ ಎದ್ದೊಡನೆ ಕಿಟಕಿ ತೆರೆ,
ಎದೆ ತುಂಬ ಗಾಳಿ ತೆಗೆದುಕೋ.
ಗಟ್ಟಿಯಾಗಿ ಓದಿದ ಖೊಂಗೊರ್‌ಜುಲ್
ಓದಿ ಮುಗಿಸಿ ನನ್ನ ಮುಖ ನೋಡಿದಳು.
ಅವಳ ಮನೆಯ ಕಿಟಕಿಗೆ ಅಕ್ಟೋಬರಿನಲ್ಲೇ ಟೇಪು ಅಂಟಿಸಿಯಾಗಿದೆ.
ತರಗತಿಯದಕ್ಕೂ. ಅಂಟಿಸಿದವಳು ನಾನೇ.
ಪುಟ ಹದಿನೈದಕ್ಕೆ ಹಾರಿದೆ: ಹಲ್ಲುಜ್ಜುವ ಕ್ರಮ.

ಇನ್ನೊಂದು ವಾರ, ಶ್ವಾಸಕೋಶ ಬರೆಯಿರಿ ಅಂದೆ,
ಯಾರೂ ಕಂಡಿಲ್ಲದ್ದನ್ನಾದರೂ ಬರೆಯಲೆಂದು.
ಒಬ್ಬಳದು ಕುದುರೆಯ ತಡಿಗೆ ಇಳಿಬಿಟ್ಟ ಜೋಡಿ ಚೀಲ.
ಒಬ್ಬನದು ಜಗಳವಾಡಿ ಬೆನ್ನು ತಿರುಗಿಸಿ ಕೂತ ಎರಡು ಕುರಿ.
ನೆರ್ಗುಯ್ ಬರೆದದ್ದು
ಒಂದೇ ಹೊಗೆಕೊಳವೆಯ ಎರಡು ಗೆರ್.

ನೆರ್ಗುಯ್ ಅಂದರೆ ಹೆಸರಿಲ್ಲದವ.
ಹಿಂದೆ ಹುಟ್ಟಿದ ಇಬ್ಬರು ಉಳಿಯಲಿಲ್ಲವಂತೆ,
ಇವನ ಮೇಲಾದರೂ ಕಣ್ಣು ಬೀಳದಿರಲೆಂದು ಅಜ್ಜಿ ಇಟ್ಟದ್ದು.
ಹಾಜರಿಯಲ್ಲಿ 'ಹೆಸರಿಲ್ಲದವ' ಎಂದು ಕೂಗಿದರೆ
'ಇದ್ದೀನಿ' ಅನ್ನುತ್ತಾನೆ,
ಕೆಮ್ಮಿ.

ನನಗೆ ಹಾಡು ಬಾರದು. ಅಜ್ಜಿ ಹಾಡಿದ್ದು ಗೊತ್ತು:
ಉದ್ದ ಹಾಡು, ಒಂದೇ ಅಕ್ಷರವನ್ನು
ಕುದುರೆ ಕಣ್ಮರೆಯಾಗುವವರೆಗೆ ಎಳೆಯುವುದು.
ಎಳೆಯಿರಿ ಅಂದೆ.
ಏಳು ಎಣಿಸುವಷ್ಟರಲ್ಲಿ ತರಗತಿಯ ಉಸಿರೇ ಮುಗಿಯಿತು.

ಲೆಕ್ಕದವಳಲ್ಲವೇ, ಸೀಮೆಸುಣ್ಣ ಹಿಡಿದೆ.
ತಲೆಗೆ ಏಳು, ತಲೆಗಳು ಮೂವತ್ತೊಂಬತ್ತು.
ಪಕ್ಕದವನು ಉಸಿರೆಳೆಯುವಾಗ ನೀನು ಎಳೆಯಬೇಡ,
ಅವನದು ಆದ ಮೇಲೆ ನಿನ್ನದು.
ಇಷ್ಟೇ ನಿಯಮ.

ಆಮೇಲೆ ಆ ದನಿ ನಿಲ್ಲಲೇ ಇಲ್ಲ.
ಬಾಯ್ಲರಿನ ದಂಬಾ ಸಲಿಕೆ ಹಿಡಿದೇ ಓಡಿ ಬಂದ,
ಎಲ್ಲೋ ಕೊಳವೆ ಸೀಳಿ ಶಿಳ್ಳೆ ಹೊಡೆಯುತ್ತಿದೆ ಅಂದುಕೊಂಡು.
ಬಾಗಿಲಲ್ಲೇ ನಿಂತ, ಟೋಪಿ ತೆಗೆಯಲು ಮರೆತು.
ಮೂರನೆಯ ಸಾಲಿನಲ್ಲಿ ನೆರ್ಗುಯ್ ಡೆಸ್ಕಿಗೆ ಬಗ್ಗಿ ಕೆಮ್ಮುತ್ತಿದ್ದ,
ದನಿ ಅವನ ತಲೆಯ ಮೇಲೆ ಹಾದುಹೋಗುತ್ತಿತ್ತು.
ಕೆಂಪು ಕಣ್ಣಿನಲ್ಲಿ ಎದ್ದ, ತಡಕಾಡಿದ,
ಅರ್ಧ ಮೆಟ್ಟಿಲು ಕೆಳಗೆ ಸೇರಿಕೊಂಡ.
ಯಾರೂ ನಿಲ್ಲಿಸಲಿಲ್ಲ. ನಾನೂ ತಿದ್ದಲಿಲ್ಲ.

ಸೋಮವಾರ ಏಳರ ಮಗ್ಗಿ.
ಟೀಚರ್, ಮೂವತ್ತೊಂಬತ್ತೇಳು ಎಷ್ಟು?
ಇನ್ನೂರ ಎಪ್ಪತ್ತಮೂರು ಕಣೋ.
ಅವನು ಬೆರಳಲ್ಲಿ ಏನೋ ಎಣಿಸಿದ.
ನಾನು ಕೆಮ್ಮಿದ್ದನ್ನು ಅದರಲ್ಲಿ ಕಳೆಯಬೇಕಾ?

ಸೀಮೆಸುಣ್ಣ ಕೈಯಲ್ಲೇ ಇತ್ತು.
ಹೊರಗೆ ಯಾರೋ ನೀರಿನ ಕ್ಯಾನು ಎಳೆದುಕೊಂಡು ಹೋಗುವ ಸದ್ದು,
ಮಂಜುಗಡ್ಡೆಯ ಮೇಲೆ,
ಮನುಷ್ಯ ಕಾಣುತ್ತಿರಲಿಲ್ಲ.